ಬಾನುಲಿಯ ಒಂದು ದಿನ: 1950-60ರ ದಶಕದ ಆಕಾಶವಾಣಿ ಪ್ರಸಾರ ಹಾಗೂ ಕುಟುಂಬ

ಕನ್ನಡನಾಡಿನ ಹಿಂದಿನ ಬಾನುಲಿ ಪ್ರಸಾರದ ಬಗ್ಗೆ ತಿಳಿಯಬಯಸುವ ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಹಿನ್ನೆಲೆ

ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ ತಿಂಗಳಿನಲ್ಲಿ ತಮ್ಮ ನಿವಾಸದಿಂದಲೇ ಒಂದು ಸಣ್ಣ ಪ್ರೇಷಕ ಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. ಇದು ಯಾವುದೇ ಸರ್ಕಾರದ ಯೋಜನೆಯಾಗಿರಲಿಲ್ಲ. ಸಂಸ್ಥಾನದ ಸರ್ಕಾರವು ಇದನ್ನು ವಹಿಸಿಕೊಂಡಿದ್ದು ಆನಂತರದಲ್ಲಿ. ದಿನಾಂಕ 01-04-1950 ರಂದು ಕೇಂದ್ರವು ಆಲ್ ಇಂಡಿಯಾ ರೇಡಿಯೋದ ಆಡಳಿತಕ್ಕೆ ಒಳಪಟ್ಟಿತು. ಮೈಸೂರಿನಲ್ಲಿ ಬಳಕೆಗೆ ಬಂದಿದ್ದ ‘ಆಕಾಶವಾಣಿ’ ಎಂಬ ಹೆಸರನ್ನೇ 1957ರಲ್ಲಿ ಇಡೀ ದೇಶದ ಪ್ರಸಾರ ಸಂಸ್ಥೆಗೆ ಅಂಗೀಕರಿಸಲಾಯಿತೆಂಬುದು ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿ.

ಧಾರವಾಡ ಕೇಂದ್ರವು 08-01-1950 ರಂದು ಹಾಗೂ ಬೆಂಗಳೂರು ಕೇಂದ್ರವು 02-11-1955 ರಂದು ಆರಂಭಗೊಂಡವು. ಆಗ ಧಾರವಾಡವು ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದೇ ಆಡಳಿತದಡಿ ಬರುವುದಕ್ಕೆ ಮೊದಲೇ ಗಡಿಯನ್ನು ಲೆಕ್ಕಿಸದೆ ಒಂದು ಪ್ರಾಂತದ ಕನ್ನಡವು ಮತ್ತೊಂದು ಪ್ರಾಂತದ ಮನೆಗಳಲ್ಲಿ ಕೇಳಿಬರುತ್ತಿತ್ತು. ಬೆಂಗಳೂರು ಕೇಂದ್ರದ ಆರಂಭದೊಂದಿಗೆ ಮೈಸೂರಿನ ಪ್ರಸಾರವು ನಿಂತು, 1974ರಲ್ಲಿ ಪುನರಾರಂಭವಾಯಿತು.

ದಿನದ ಕಾರ್ಯಕ್ರಮಗಳು

ಪ್ರಸಾರವು ದಿನವಿಡೀ ನಿರಂತರವಾಗಿ ಇರುತ್ತಿರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆಯಿಂದ ರಾತ್ರಿಯವರೆಗೆ ಎಂದು ಮೂರು ಅವಧಿಗಳಿದ್ದು, ನಡುವೆ ಕೇಂದ್ರವು ಮೌನವಾಗಿರುತ್ತಿತ್ತು. ಕವಾಟಗಳುಳ್ಳ ಅಂದಿನ ರೇಡಿಯೋ ಪೆಟ್ಟಿಗೆಯು ಬಿಸಿಯಾಗಿ ಧ್ವನಿ ಹೊರಡಿಸಲು ಸ್ವಲ್ಪ ಸಮಯ ಹಿಡಿಯುತ್ತಿದ್ದುದರಿಂದ ಮನೆಯವರು ಮುಂಚಿತವಾಗಿಯೇ ಗುಂಡಿ ತಿರುಗಿಸುತ್ತಿದ್ದರು. ವಾಲ್ಟರ್ ಕೌಫ್‌ಮನ್ ಅವರು ಸಂಯೋಜಿಸಿದರೆಂದು ಹೇಳಲಾಗುವ ಸಂಕೇತ ವಾದ್ಯಧ್ವನಿ, ವಂದೇ ಮಾತರಂ, ಮಂಗಳವಾದ್ಯ ಹಾಗೂ ಭಕ್ತಿಗೀತೆಗಳೊಡನೆ ಬೆಳಗಿನ ಪ್ರಸಾರವು ಆರಂಭವಾಗುತ್ತಿತ್ತು. ವಾರ್ತೆಯು ಕೇವಲ ಸುದ್ದಿಯಾಗಿರದೆ ಗಡಿಯಾರವನ್ನು ಸರಿಪಡಿಸಿಕೊಳ್ಳುವ ಸಮಯವೂ ಆಗಿತ್ತು.

ಮಧ್ಯಾಹ್ನದ ಅವಧಿಯು ಬಹುಮಟ್ಟಿಗೆ ಗೃಹಿಣಿಯರಿಗೆ ಮತ್ತು ಶಾಲೆಗಳಿಗೆ ಮೀಸಲಾಗಿತ್ತು. ಸಂಜೆ ಮಕ್ಕಳ ಕಾರ್ಯಕ್ರಮ, ಅನಂತರ ಗ್ರಾಮಸ್ಥರಿಗಾಗಿ ಹವಾಮಾನ, ಪೇಟೆ ಧಾರಣೆ, ಬೇಸಾಯದ ಸಲಹೆಗಳು. ರಾತ್ರಿ ಊಟದ ವೇಳೆಗೆ ಭಾಷಣ, ಸಂಗೀತ ಕಚೇರಿ, ನಾಟಕ. ಧಾರವಾಡ ಕೇಂದ್ರದಲ್ಲಿ ‘ಎನ್ಕೆ’ ಎಂದೇ ಪರಿಚಿತರಾದ ಸಾಹಿತಿ ಎನ್.ಕೆ. ಕುಲಕರ್ಣಿಯವರು ಸೇವೆ ಸಲ್ಲಿಸಿದ್ದು, ಬಾನುಲಿ ನಾಟಕವು ಅಲ್ಲಿ ಆಡುಮಾತಿನ ಸೊಗಡಿನಿಂದ ಬೆಳೆಯಿತು. 1952ರ ಜುಲೈನಿಂದ ಶನಿವಾರ ರಾತ್ರಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವು ಬಿತ್ತರವಾಗತೊಡಗಿತು. ಆಸ್ಥಾನ ಹಾಗೂ ಸಭಾಭವನಗಳಲ್ಲಿ ಮಾತ್ರ ಕೇಳಬಹುದಾಗಿದ್ದ ವಿದ್ವಾಂಸರ ಗಾಯನವು ಟಿಕೆಟ್ಟಿಲ್ಲದೆ ಮನೆಯ ಪಡಸಾಲೆಗೆ ಬಂದಿತು.

ಎಲ್ಲರ ರುಚಿಯೂ ಒಂದೇ ಆಗಿರಲಿಲ್ಲ. 1952ರಿಂದ 1962ರವರೆಗೆ ಪ್ರಸಾರ ಸಚಿವರಾಗಿದ್ದ ಡಾ. ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆ ನೀಡಿ ಚಿತ್ರಗೀತೆಗಳನ್ನು ದೂರವಿರಿಸಿದಾಗ, ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು. ಮನೆಗೊಂದೇ ಪೆಟ್ಟಿಗೆ ಇದ್ದುದರಿಂದ ಹಿರಿಯರ ಕಚೇರಿಗೂ ಕಿರಿಯರ ಚಿತ್ರಗೀತೆಗೂ ನಡುವೆ ತಿಕ್ಕಾಟ ಸಾಮಾನ್ಯವಾಗಿತ್ತು. 03-10-1957 ರಂದು ವಿವಿಧಭಾರತಿ ಆರಂಭವಾದ ಮೇಲೆ ಇದು ಸ್ವಲ್ಪ ಶಮನವಾಯಿತೆನ್ನಬಹುದು.

ರೇಡಿಯೋ ಇಲ್ಲದ ಮನೆಗಳು

ಮೇಲ್ಕಂಡ ವಿವರಣೆಯು ಪೆಟ್ಟಿಗೆ ಕೊಳ್ಳಲು ಶಕ್ತವಾಗಿದ್ದ ಮನೆಗಳಿಗೆ ಅನ್ವಯಿಸುತ್ತದೆ. ಅಂಥವು ಕೆಲವೇ. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಸಾಮುದಾಯಿಕ ರೇಡಿಯೋ ಒಂದೇ ಆಧಾರವಾಗಿದ್ದು, ಬ್ಯಾಟರಿ ತೀರಿದರೆ ಊರೇ ಮೂಕವಾಗುತ್ತಿತ್ತು. 1956ರಲ್ಲಿ ಮುಂಬಯಿ ರಾಜ್ಯದ ಮರಾಠಿ ಭಾಗದ ಸುಮಾರು 150 ಹಳ್ಳಿಗಳಲ್ಲಿ, ಯುನೆಸ್ಕೋ ನೆರವಿನಿಂದ, ರೈತರು ಗುಂಪಾಗಿ ಕುಳಿತು ಕಾರ್ಯಕ್ರಮ ಕೇಳಿ ಚರ್ಚಿಸುವ ‘ರೇಡಿಯೋ ಗ್ರಾಮೀಣ ಕೂಟ’ಗಳ ಪ್ರಯೋಗವನ್ನು ಕೈಗೊಳ್ಳಲಾಯಿತು. ಅದು ಯಶಸ್ವಿಯಾದ ಕಾರಣ 1959ರಲ್ಲಿ ಇತರ ರಾಜ್ಯಗಳಿಗೂ ವಿಸ್ತರಿಸಲಾಯಿತು. ಇಂತಹ ಕೂಟಗಳು ಬಹುತೇಕ ಪುರುಷರ ಕೂಟಗಳಾಗಿದ್ದವು. ಪಂಚಾಯತಿ ಕಟ್ಟೆಯ ರೇಡಿಯೋವನ್ನು ಹೆಣ್ಣುಮಕ್ಕಳು ದೂರದಿಂದ ಕೇಳಬೇಕಿತ್ತು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಳಕೆಗೆ ಬಂದ ಮೇಲೆ ಇದು ಬದಲಾಗತೊಡಗಿತು.

ಪರವಾನಗಿ

ಆಗ ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಕಡ್ಡಾಯವಾಗಿದ್ದು, ಅಂಚೆ ಕಚೇರಿಯಲ್ಲಿ ಪ್ರತಿ ವರ್ಷ ಶುಲ್ಕ ಪಾವತಿಸಿ ನವೀಕರಿಸಿಕೊಳ್ಳಬೇಕಾಗಿತ್ತು. ಪರವಾನಗಿಯಿಲ್ಲದೆ ರೇಡಿಯೋ ಹೊಂದಿರುವುದು 1933ರ ನಿಸ್ತಂತು ಟೆಲಿಗ್ರಾಫ್ ಕಾಯ್ದೆಯಡಿ ಅಪರಾಧವಾಗಿತ್ತು. 1980ರ ದಶಕದಲ್ಲಿ ಈ ಪದ್ಧತಿಯನ್ನು ರದ್ದುಪಡಿಸಲಾಗಿದ್ದು, ಮನೆಯಲ್ಲಿ ರೇಡಿಯೋ ಕೇಳಲು ಈಗ ಯಾವುದೇ ಪರವಾನಗಿ ಅಥವಾ ಶುಲ್ಕ ಇರುವುದಿಲ್ಲ. ಹಿರಿಯರ ಕಾಗದಪತ್ರಗಳ ನಡುವೆ ದೊರೆಯುವ ಅಂಚೆ ಮುದ್ರೆಯ ಹಳೆಯ ಪರವಾನಗಿ ಪುಸ್ತಕಗಳನ್ನು ನವೀಕರಿಸುವ ಅಗತ್ಯವಿಲ್ಲ. ಆದರೆ ಅವುಗಳನ್ನು ರದ್ದಿಗೆ ಹಾಕದಿರುವುದು ಒಳಿತು: ದಿನನಿತ್ಯದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ಧ್ವನಿಮುದ್ರಣವಿಲ್ಲದೆ ನೇರವಾಗಿ ಬಿತ್ತರವಾಗಿ ಹೋದುದರಿಂದ, ಯಾವ ಮನೆಗೆ ಯಾವ ವರ್ಷ ರೇಡಿಯೋ ಬಂದಿತೆಂಬುದಕ್ಕೆ ಅನೇಕ ಕುಟುಂಬಗಳಲ್ಲಿ ಉಳಿದಿರುವ ದಾಖಲೆ ಅದೊಂದೇ ಆಗಿರುತ್ತದೆ.