ನೋವಿಗೆ ಸೂಜಿ: ನಂಬೋದೆಷ್ಟು, ಬಿಡೋದೆಷ್ಟು?

ಇವತ್ತು ರಾಜಕೀಯ ಬೇಡ. ನೋವಿನ ಬಗ್ಗೆ ಮಾತಾಡೋಣ.

ನಾನಾಗ ಹೈಸ್ಕೂಲು. ಹರಿಹರದಲ್ಲಿದ್ದ ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ದೊಡ್ಡಪ್ಪ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರೇ ಕಲ್ಲುಪ್ಪು ಹುರಿದು, ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಆಕೆಯ ಸೊಂಟಕ್ಕೆ ಶಾಖ ಕೊಡೋರು. ಒಂದರ್ಧ ಗಂಟೆ ದೊಡ್ಡಮ್ಮ ಕಣ್ಣು ಮುಚ್ಚೋರು. ಆಮೇಲೆ ಮತ್ತೆ ಅದೇ ನರಳಾಟ. ದಾವಣಗೆರೆಯ ವೈದ್ಯರೊಬ್ಬರು ಮಾರ್ಫಿನ್ ಮಾತೆತ್ತಿದಾಗ ಮನೆಯವರೆಲ್ಲ, 'ಅಯ್ಯೋ, ಅದು ಅಫೀಮು, ಚಟ ಹತ್ತುತ್ತೆ' ಅಂದುಬಿಟ್ರು. ಅದೇ ವಾರ ಊರಿನವರು ಯಾರೋ ಬಂದು, 'ಚೀನಾ ಸೂಜಿ ಚುಚ್ಚಿಸಿ, ಗಡ್ಡೆನೇ ಕರಗುತ್ತೆ' ಅಂದ್ರು.

ಎರಡೂ ತಪ್ಪು. ಒಂದು ಮಾತು ಆಕೆಗೆ ಸಿಗಬೇಕಿದ್ದ ಔಷಧಿ ತಪ್ಪಿಸಿತು. ಇನ್ನೊಂದು ಸುಳ್ಳು ಆಸೆ ಕೊಟ್ಟಿತು. ಹಾಗಾದ್ರೆ ಸೂಜಿ ಬರೀ ಬುರುಡೆನಾ? ಅಲ್ಲ. ಅದರ ಕಥೆ ಸ್ವಲ್ಪ ಕೇಳಿ.

ಈ ಸೂಜಿ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ನಮ್ಮ ಗಡಿಯ ಊರೊಂದರ ಹೆಸರಿದೆ. ಸೊಲ್ಲಾಪುರ. ಕನ್ನಡ ಇವತ್ತಿಗೂ ಕಿವಿಗೆ ಬೀಳುವ ಆ ಊರಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೋಟ್ನಿಸ್. ಜಪಾನ್ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಐದು ವೈದ್ಯರ ತಂಡ ಕಳಿಸಿತು. ಅದರಲ್ಲಿ ಕೋಟ್ನಿಸ್ ಇದ್ದರು, ಕಲ್ಕತ್ತೆಯ ಡಾ. ಬಿ.ಕೆ. ಬಸು ಕೂಡ ಇದ್ದರು. ಕೋಟ್ನಿಸ್ 1942ರ ಡಿಸೆಂಬರ್‌ನಲ್ಲಿ, ಇನ್ನೂ 32ರ ವಯಸ್ಸಲ್ಲಿ, ಅಲ್ಲೇ ಕಣ್ಮುಚ್ಚಿದರು. ಬಸು ವಾಪಸ್ ಬಂದರು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, ಭಾರತದಲ್ಲಿ ಚಿಕಿತ್ಸೆ ಶುರು ಮಾಡಿದರು.

ಜಗತ್ತಿಗೆಲ್ಲ ಸುದ್ದಿಯಾಗಿದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ಗೆ ಹೋದಾಗ ಅಪೆಂಡಿಕ್ಸ್ ಆಪರೇಷನ್ ಆಯ್ತು. ಆಪರೇಷನ್ ನಡೆದಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಆಮೇಲೆ ಕಾಡಿದ ಹೊಟ್ಟೆ ಬಾಧೆಗೆ ಸೂಜಿ ಚುಚ್ಚಿದರು, ಆರಾಮ ಆಯ್ತು. ಆತ ಬರೆದಿದ್ದು ಇಷ್ಟೇ. ಆದ್ರೆ ಬಾಯಿಂದ ಬಾಯಿಗೆ ಹೋಗ್ತಾ ಅದು 'ಸೂಜಿ ಚುಚ್ಚಿ ಹೊಟ್ಟೆ ಕೊಯ್ದರಂತೆ' ಅಂತಾಯ್ತು. ನಮ್ಮ ಕಸುಬಿನವರು ಒಂದನ್ನ ಹತ್ತು ಮಾಡೋದು ಇವತ್ತಿನದಲ್ಲ ಬಿಡಿ!

ಸರಿ, ಚುಚ್ಚಿದ್ರೆ ನೋವು ಹೇಗೆ ಕಮ್ಮಿ ಆಗುತ್ತೆ? ದಾವಣಗೆರೆಯಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ವರ್ಷ, 1965. ಅದೇ ವರ್ಷ ಮೆಲ್ಜ್ಯಾಕ್ ಮತ್ತು ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಸಿದ್ಧಾಂತ ಮಂಡಿಸಿದರು. ಬೆನ್ನುಹುರಿಯಲ್ಲಿ ನೋವಿಗೊಂದು ಗೇಟ್ ಇದೆ. ಒತ್ತಿದ, ತಿಕ್ಕಿದ ಸ್ಪರ್ಶದ ಸಂದೇಶ ಆ ಗೇಟನ್ನ ಅರ್ಧ ಮುಚ್ಚುತ್ತೆ, ನೋವು ಮಿದುಳಿಗೆ ಪೂರ್ತಿ ತಲುಪಲ್ಲ. ಮೊಣಕಾಲು ತಾಗಿದ ತಕ್ಷಣ ನಾವು ಉಜ್ಜಿಕೊಳ್ಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಸಣ್ಣ ವಿದ್ಯುತ್ ಸ್ಪಂದನದಿಂದ ನೋವು ತಗ್ಗಿಸೋ ಟೆನ್ಸ್ ಯಂತ್ರ ಹುಟ್ಟಿದ್ದೂ ಇದೇ ವಿಚಾರದಿಂದ. ಮುಂದೆ 1970ರ ದಶಕದಲ್ಲಿ ಮಿದುಳು ತಾನೇ ಮಾರ್ಫಿನ್‌ನಂಥ ರಸಾಯನ ತಯಾರಿಸುತ್ತೆ ಅಂತ ಪತ್ತೆಯಾಯ್ತು. ಮಾರ್ಫಿನ್ನಿನ ಪರಿಣಾಮ ತಡೆಯುವ ನಲೋಕ್ಸೋನ್ ಕೊಟ್ಟರೆ ಸೂಜಿಯ ಆರಾಮವೂ ತಗ್ಗುತ್ತೆ ಅಂತ 1977ರ ಒಂದು ಪ್ರಯೋಗ ತೋರಿಸಿತು.

ಕ್ಯಾನ್ಸರ್ ರೋಗಿಗಳ ಮೇಲೂ ಪರೀಕ್ಷೆ ನಡೆದಿದೆ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಮಾತ್ರೆಯಿಂದ ಕೀಲುನೋವು ಬಂದ 226 ಮಹಿಳೆಯರ ಅಮೆರಿಕದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಹುಸಿ ಸೂಜಿಗಿಂತ ನಿಜವಾದ ಸೂಜಿಯಿಂದ ನೋವು ಹೆಚ್ಚು ತಗ್ಗಿತು, ಆದ್ರೆ ವ್ಯತ್ಯಾಸ ದೊಡ್ಡದೇನಲ್ಲ. 2021ರಲ್ಲಿ ಕ್ಯಾನ್ಸರ್ ಗೆದ್ದು ಬಂದರೂ ಸ್ನಾಯು-ಮೂಳೆ ನೋವು ಬಿಡದ 360 ಜನರ ಅಧ್ಯಯನ ಬಂತು. ಮಾಮೂಲಿ ಚಿಕಿತ್ಸೆಗಿಂತ ಸೂಜಿ ತಗೊಂಡವರಿಗೆ ನೋವು ಕಮ್ಮಿಯಾಗಿತ್ತು. ಗಮನಿಸಿ, ಇವೆಲ್ಲ ನೋವಿನ ಲೆಕ್ಕ. ಗಡ್ಡೆ ಕರಗಿದ ಲೆಕ್ಕ ಒಂದೂ ಇಲ್ಲ.

ಸೂಜಿಗೂ ಕಟ್ಟುಪಾಡು ಇದೆ. ಕೀಮೋದಿಂದ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ತೀರಾ ಇಳಿದವರಿಗೆ ಸೋಂಕು, ರಕ್ತಸ್ರಾವದ ಅಪಾಯ ಇರುತ್ತೆ. ಗಡ್ಡೆಯ ಜಾಗಕ್ಕೆ ಚುಚ್ಚಬಾರದು. ಒಮ್ಮೆ ಬಳಸಿ ಎಸೆಯೋ ಸೂಜಿಯೇ ಬೇಕು. ನಿಮ್ಮ ಕ್ಯಾನ್ಸರ್ ವೈದ್ಯರಿಗೆ ಹೇಳದೆ ಹೋಗಲೇಬೇಡಿ. ಶಾಖ, ಮಸಾಜು, ಉಸಿರಾಟ, ಯೋಗ, ಇಷ್ಟದ ಹಾಡು, ಇವೆಲ್ಲ ಒಳ್ಳೆ ಜೊತೆಗಾರರು. ಆದ್ರೆ ರೇಡಿಯೇಷನ್ ಕೊಟ್ಟ ಚರ್ಮಕ್ಕೆ, ಮರಗಟ್ಟಿದ ಜಾಗಕ್ಕೆ ಶಾಖ ಬೇಡ. ಮೂಳೆಗೆ ಇಳಿದ ಕಡೆ ಗಟ್ಟಿಯಾಗಿ ತಿಕ್ಕಬೇಡಿ.

ಈಗ ಆ 'ಅಫೀಮು' ಮಾತಿಗೆ ಬರ್ತೀನಿ. ನಮ್ಮ ಮಾದಕವಸ್ತು ಕಾನೂನು ಬಂದಿದ್ದು 1985ರಲ್ಲಿ. ಅದರ ಬಿಗಿ ನಿಯಮಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ವಿಚಿತ್ರ ನೋಡಿ, ಮರುವರ್ಷವೇ, 1986ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲ ಏಣಿ ಕೊಟ್ಟಿತು. ಅದರ ಮೇಲಿನ ಮೆಟ್ಟಿಲೇ ಮಾರ್ಫಿನ್! ಕಾನೂನು ಸಡಿಲವಾಗೋಕೆ 2014ರ ತಿದ್ದುಪಡಿ ಬರಬೇಕಾಯ್ತು. ವೈದ್ಯರ ನಿಗಾದಲ್ಲಿ ನೋವಿಗೆ ಅಂತ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಬೇರೆ, ಚಟಕ್ಕೆ ತಗೊಳ್ಳೋದು ಬೇರೆ. ಬೆಂಗಳೂರಲ್ಲಿ 1999ರಿಂದ ಕರುಣಾಶ್ರಯ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನ ಒಂದು ಪೈಸೆ ಪಡೆಯದೆ ನೋಡಿಕೊಳ್ತಿದೆ. ನೋವು ತಗ್ಗಿಸೋದೇ ಒಂದು ವೈದ್ಯಕೀಯ ಅನ್ನೋದಕ್ಕೆ ಅದು ಸಾಕ್ಷಿ.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಆ ವೈದ್ಯರ ಚೀಟಿ ಅಷ್ಟು ದೂರ ಬಂದಿತ್ತು. ನಮ್ಮ ಮನೆಯ ಹೊಸಿಲು ದಾಟಲಿಲ್ಲ. ದೊಡ್ಡಪ್ಪನ ಉಪ್ಪಿನ ಗಂಟಿನಲ್ಲಿ ತಪ್ಪಿರಲಿಲ್ಲ. ಅದರ ಜೊತೆಗೆ ಆ ಔಷಧಿಯೂ ಇರಬೇಕಿತ್ತು. ನಿಮ್ಮ ಮನೆಯಲ್ಲಿ ಯಾರಾದ್ರೂ 'ನೋವು ತಡೆಯೋಕಾಗ್ತಿಲ್ಲ' ಅಂದ್ರೆ ಮೊದಲು ನಂಬಿ. ವೈದ್ಯರ ಹತ್ತಿರ ಹೋಗಿ, 'ಇವರ ನೋವಿಗೆ ಏನು ಕೊಡ್ತೀರಿ?' ಅಂತ ಬಾಯಿಬಿಟ್ಟು ಕೇಳಿ. ನಾವು ಅವತ್ತು ಕೇಳಲಿಲ್ಲ. ನೀವು ಕೇಳಿ.