ಕಾವಲುಗಾರನ ಗುಡಿಸಲಿಗೆ ಬಿದ್ದ ಕಲ್ಲು

1798ರ ಡಿಸೆಂಬರ್ 19ರ ರಾತ್ರಿ, ಸುಮಾರು ಎಂಟು ಗಂಟೆಗೆ ಬನಾರಸ್ ಸೀಮೆಯ ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಉರಿಯುತ್ತ ಸಾಗಿತು. ಮೋಡದ ಸುಳಿವೇ ಇರಲಿಲ್ಲ. ಆದರೂ ಗುಡುಗಿನಂಥ ಸದ್ದು ಕೇಳಿಸಿತು. ಕ್ರಾಖುಟ್ ಎಂಬ ಹಳ್ಳಿಯ ಸುತ್ತಮುತ್ತ ಕಲ್ಲುಗಳು ಬಿದ್ದವು. ಸುಮಾರು ಎರಡು ಪೌಂಡ್ ತೂಕದ ಒಂದು ಕಲ್ಲು ಕಾವಲುಗಾರನ ಗುಡಿಸಲಿನ ಸೂರನ್ನು ತೂತು ಮಾಡಿ, ಗಟ್ಟಿಮಣ್ಣಿನ ನೆಲದಲ್ಲಿ ಕೆಲವು ಅಂಗುಲ ಹೂತುಹೋಯಿತು. ಆತ ಪಕ್ಕದಲ್ಲೇ ನಿಂತಿದ್ದ.

ಆಗಿನ ಯುರೋಪಿನ ಪಂಡಿತರಲ್ಲಿ ಅವನ ಮಾತನ್ನು ನಂಬುವವರು ಕಡಿಮೆ. 1768ರಲ್ಲಿ ಫ್ರಾನ್ಸಿನ ಲೂಸೆಯಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದವರಲ್ಲಿ ರಸಾಯನಶಾಸ್ತ್ರಜ್ಞ ಲವೋಸಿಯೆಯೂ ಇದ್ದ. ಅದು ಭೂಮಿಯದೇ ಕಲ್ಲು, ಸಿಡಿಲು ಬಡಿದದ್ದಷ್ಟೇ ಎಂದು ಅವರು ತೀರ್ಮಾನಿಸಿದ್ದರು. ಕಣ್ಣಾರೆ ಕಂಡ ರೈತರ ಮಾತಿಗೆ ಬೆಲೆ ಸಿಗಲಿಲ್ಲ. ಇಂಥವು ಬಾಹ್ಯಾಕಾಶದಿಂದ ಬರುತ್ತವೆ ಎಂದು 1794ರಲ್ಲಿ ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ ಬರೆದಾಗಲೂ ಹೆಚ್ಚಿನವರು ಒಪ್ಪಲಿಲ್ಲ.

ಬನಾರಸಿನ ಕಲ್ಲುಗಳ ಅದೃಷ್ಟ ಬೇರೆಯಿತ್ತು. ಜಾನ್ ಲಾಯ್ಡ್ ವಿಲಿಯಮ್ಸ್ ಎಂಬಾತ ಹಳ್ಳಿಗರ ಹೇಳಿಕೆಗಳನ್ನು ಕೇಳಿ ಬರೆದಿಟ್ಟ. ಮಾದರಿಗಳು ಲಂಡನ್ನಿನಲ್ಲಿ ಎಡ್ವರ್ಡ್ ಹೊವಾರ್ಡ್ ಎಂಬ ರಸಾಯನಶಾಸ್ತ್ರಜ್ಞನ ಕೈ ಸೇರಿದವು. ಆತ ಅವನ್ನು ಇಟಲಿಯ ಸಿಯೆನಾ, ಇಂಗ್ಲೆಂಡಿನ ಯಾರ್ಕ್‌ಶೈರ್ ಮತ್ತು ಬೊಹೀಮಿಯಾದಲ್ಲಿ ಬಿದ್ದ ಕಲ್ಲುಗಳ ಜೊತೆಗಿಟ್ಟು ಪರೀಕ್ಷಿಸಿದ. ಎಲ್ಲದರಲ್ಲೂ ಕಬ್ಬಿಣದ ಕಣಗಳಿದ್ದವು, ಆ ಕಬ್ಬಿಣದಲ್ಲಿ ನಿಕ್ಕಲ್ ಬೆರೆತಿತ್ತು. ಜೊತೆಗಾರ ಬೂರ್ನೋ ಬನಾರಸಿನ ಕಲ್ಲಿನೊಳಗೆ ಸಾಸಿವೆಯಂಥ ದುಂಡು ಕಾಳುಗಳನ್ನು ಗುರುತಿಸಿ ವರ್ಣಿಸಿದ. ಇಂದು ಅವುಗಳನ್ನು ಕಾಂಡ್ರೂಲ್ ಎನ್ನುತ್ತಾರೆ. ಸೌರಮಂಡಲ ರೂಪುಗೊಳ್ಳುವ ಕಾಲದಲ್ಲಿ ಕರಗಿ ಹೆಪ್ಪುಗಟ್ಟಿದ ಹನಿಗಳವು. ಸಾವಿರಾರು ಮೈಲಿ ದೂರದ ಊರುಗಳಲ್ಲಿ ಬಿದ್ದ ಕಲ್ಲುಗಳು ಒಂದನ್ನೊಂದು ಹೋಲುತ್ತವೆ, ತಾವು ಬಿದ್ದ ನೆಲದ ಕಲ್ಲುಗಳನ್ನು ಹೋಲುವುದಿಲ್ಲ! ಹೊವಾರ್ಡನ ವರದಿ 1802ರಲ್ಲಿ ಹೊರಬಂತು. ಮರುವರ್ಷ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲೆಗ್ಲ್ ಮೇಲೆ ಸಾವಿರಾರು ಕಲ್ಲುಗಳು ಸುರಿದು, ವಿಜ್ಞಾನಿ ಬಿಯೋ ಅಲ್ಲಿಗೇ ಹೋಗಿ ತನಿಖೆ ಮಾಡಿದ ಮೇಲೆ ವಾದ ಬಹುಮಟ್ಟಿಗೆ ಮುಗಿಯಿತು.

ಭಾರತದ ಇನ್ನೊಂದು ಕಲ್ಲಿನ ಕಥೆ ಇದಕ್ಕಿಂತ ನಿಧಾನವಾಗಿ ಬಿಚ್ಚಿಕೊಂಡಿತು. 1865ರ ಆಗಸ್ಟ್ 25ರಂದು ಬಿಹಾರದ ಗಯಾ ಬಳಿಯ ಶೇರ್‌ಘಾಟಿಯಲ್ಲಿ ಸುಮಾರು ಐದು ಕಿಲೋ ತೂಕದ ಕಲ್ಲು ಬಿತ್ತು. 1872ರಲ್ಲಿ ವಿಯೆನ್ನಾದ ಗುಸ್ತಾವ್ ಚೆರ್ಮಾಕ್ ಅದರಲ್ಲಿ ಗಾಜಿನಂಥ ಹೊಸ ವಸ್ತುವನ್ನು ಕಂಡು, ಬ್ರಿಟಿಷ್ ಮ್ಯೂಸಿಯಮ್ಮಿನ ಮಾಸ್ಕೆಲೈನ್ ಹೆಸರಿನಲ್ಲಿ ಅದಕ್ಕೆ ಮಾಸ್ಕೆಲೈನೈಟ್ ಎಂದ. ನಿಜವಾದ ಒಗಟು ವಯಸ್ಸಿನದು. ಬಹುತೇಕ ಉಲ್ಕಾಶಿಲೆಗಳು ಸುಮಾರು 450 ಕೋಟಿ ವರ್ಷ ಹಳೆಯವು. ಇದು ಅವಕ್ಕಿಂತ ಬಹಳ ಎಳೆಯದು. ಅಷ್ಟು ಈಚಿನವರೆಗೂ ಇಂಥ ಕಲ್ಲಾಗುವ ಲಾವಾ ಉಕ್ಕಲು ದೊಡ್ಡ ಗ್ರಹವೇ ಬೇಕು. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ಗಾಳಿಯನ್ನು ಅಳೆದವು. 1983ರಲ್ಲಿ ಬೊಗಾರ್ಡ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕದಲ್ಲಿ ಸಿಕ್ಕ, ಇದೇ ಜಾತಿಯ ಕಲ್ಲಿನ ಗಾಜಿನಲ್ಲಿ ಸಿಲುಕಿದ್ದ ಅನಿಲ ಆ ಅಳತೆಗೆ ಹೊಂದುವುದನ್ನು ತೋರಿಸಿದರು. ಮಂಗಳದಿಂದ ಸಿಡಿದು ಬಂದ ಈ ಜಾತಿಯ ಕಲ್ಲುಗಳಿಗೆ ಜಗತ್ತೆಲ್ಲ ಶೆರ್ಗೊಟೈಟ್ ಎಂದೇ ಹೆಸರು. ಬಿಹಾರದ ಒಂದು ಊರಿಗೆ ಸಂದ ಈ ಗೌರವ ನಮ್ಮ ಶಾಲಾ ಪಠ್ಯಗಳಲ್ಲಿ ಇರಲೇಬೇಕು.

ಶೇರ್‌ಘಾಟಿಯ ಕಲ್ಲು ಬಿದ್ದು ತಿಂಗಳು ಕಳೆಯುವಷ್ಟರಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ಮೈಸೂರು ಸೀಮೆಯ ಮದ್ದೂರಿನಲ್ಲೂ ಒಂದು ಉಲ್ಕಾಶಿಲೆ ಬಿತ್ತು. 1866ರಲ್ಲಿ ಉಡುಪಿಯ ಸರದಿ. ಎರಡೂ ಊರುಗಳ ಹೆಸರು ಅಂತರರಾಷ್ಟ್ರೀಯ ಉಲ್ಕಾಶಿಲಾ ಪಟ್ಟಿಯಲ್ಲಿವೆ.

ಇಂಥ ಕಲ್ಲು ನಾಳೆ ನಿಮ್ಮ ಹೊಲದಲ್ಲೂ ಬೀಳಬಹುದು. ತೊಳೆಯಬೇಡಿ, ಒಡೆಯಬೇಡಿ, ಆಯಸ್ಕಾಂತ ಹಚ್ಚಬೇಡಿ; ಹಚ್ಚಿದರೆ ಅದರೊಳಗಿನ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ. ದಿನ, ಗಂಟೆ, ಬಂದ ದಿಕ್ಕು ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸುದ್ದಿ ಮುಟ್ಟಿಸಿ.