ಹಳೆಯ ರೂಪದಿಂದ ಹೊಸ ರೂಪ: ಮೂಡಬಿದಿರೆ, ವೇಣೂರು, ಪೊಳಲಿ

ಇರುವ ವಸ್ತುವಿನ ಆಕಾರವನ್ನು ಬೆಳಕಿನ ಕಿರಣಗಳಿಂದ ಅಳೆದು, ಆ ಅಳತೆಯನ್ನು ಗಣಕಯಂತ್ರದಲ್ಲಿ ಅಸಂಖ್ಯ ತ್ರಿಕೋನಗಳ ಬಲೆಯಾಗಿ ನಿಲ್ಲಿಸಿ, ಅದನ್ನೇ ಹಿಗ್ಗಿಸಿ ಕುಗ್ಗಿಸಿ ಹೊಸ ವಿನ್ಯಾಸವನ್ನು ಪಡೆಯುವ ವಿದ್ಯೆಯು ಈಚೆಗೆ ಶಿಲ್ಪಿಗಳಿಗೂ ಪ್ರಾಚ್ಯವಸ್ತುಶೋಧಕರಿಗೂ ಕೈವಶವಾಗಿದೆ. ಹಳೆಯ ರೂಪವನ್ನು ತಿದ್ದಿ ಹೊಸದನ್ನು ಮಾಡುವ ಕ್ರಮವಾದರೋ ತುಳುನಾಡಿನಲ್ಲಿ ಬಹುಕಾಲದಿಂದ ನಡೆದುಬಂದುದೇ ಆಗಿದೆ.

ಕ್ರಿ. ಶ. 1430ರಲ್ಲಿ ಮೂಡಬಿದಿರೆಯಲ್ಲಿ ನಿರ್ಮಿತವಾದ ತ್ರಿಭುವನತಿಲಕಚೂಡಾಮಣಿ ಬಸದಿಯು ಸಾವಿರ ಕಂಬದ ಬಸದಿಯೆಂದು ಪ್ರಸಿದ್ಧವಾಗಿದೆ. ಅದರ ಕಂಬಗಳ ವೈವಿಧ್ಯವನ್ನು ಕೊಂಡಾಡುವವರು ಅನೇಕರು. ಆ ಆಕೃತಿಗಳು ಎಲ್ಲಿಂದ ಬಂದುವೆಂದು ಕೇಳುವವರು ವಿರಳ. ಹೊರಗಣ ಕಂಬಗಳು ಚೌಕವಾದ ಮರದ ತೊಲೆಯ ಅಂಚುಗಳನ್ನು ಸವರಿ ಎಂಟು ಮೂಲೆ ಮಾಡಿದಂತೆ ತೋರುವುವು. ಕಲ್ಲಿನ ಮಾಡು ಮಳೆನೀರು ಜಾರಿಹೋಗುವಂತೆ ಇಳಿಜಾರಾಗಿದೆ. ಈ ಶೈಲಿಯ ಮೂಲವು ಮರದ ಕಟ್ಟಡವೇ ಆಗಿರಬೇಕೆಂದು ಜೇಮ್ಸ್ ಫರ್ಗ್ಯುಸನ್ನನು 1876ರ ತನ್ನ ಗ್ರಂಥದಲ್ಲಿ ಊಹಿಸಿದನು. ಬಸದಿಯ ಮೇಲಂತಸ್ತುಗಳಲ್ಲಿ ಮರದ ಕೆಲಸವಿರುವುದನ್ನು ನೋಡಿದರೆ ಊಹೆಯು ಯುಕ್ತವೆನ್ನಬೇಕು. ಬಡಗಿಯ ಉಳಿಯು ಕಲಿಸಿದುದನ್ನು ಕಲ್ಲುಕುಟಿಗನು ಮರೆಯಲಿಲ್ಲ.

ಗೊಮ್ಮಟಮೂರ್ತಿಗಳ ವಿಷಯವು ಇನ್ನೂ ವಿಚಾರಾರ್ಹವಾದುದು. ಶ್ರವಣಬೆಳಗೊಳದ 981ರ ಮೂರ್ತಿಯ ಎತ್ತರ ಸುಮಾರು 58 ಅಡಿ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಿತವಾದುದು ಸುಮಾರು 42 ಅಡಿ. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ತಿಮ್ಮರಾಜ ಅಜಿಲನು 1604ರಲ್ಲಿ ನಿಲ್ಲಿಸಿದುದು ಸುಮಾರು 35 ಅಡಿ. ಕಾಯೋತ್ಸರ್ಗದ ನಿಲುವೂ ಮೈಯನ್ನು ಹಬ್ಬಿದ ಬಳ್ಳಿಯೂ ಮೂರಕ್ಕೂ ಸಮಾನವಾದ ಕಾರಣ, ಚಿಕ್ಕದು ದೊಡ್ಡದರ ನಕಲೆಂದು ಬಗೆಯುವುದುಂಟು. ಬೆಳಗೊಳದ ಮೂರ್ತಿಯನ್ನು ಗಣಕಯಂತ್ರದಲ್ಲಿ 35 ಅಡಿಗೆ ಕುಗ್ಗಿಸಿದರೆ ಅಂಗಪ್ರಮಾಣಗಳೆಲ್ಲ ಹಾಗೆಯೇ ಉಳಿದು, ಕಲ್ಲಿನ ಗಾತ್ರವು ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚಾಗಿ ನಿಲ್ಲುವುದು. ವೇಣೂರಿನ ಶಿಲ್ಪಿಯು ಇಂತಹ ಕುಗ್ಗಿಸುವಿಕೆಯಿಂದ ತೃಪ್ತನಾಗಲಿಲ್ಲ. ಕೆನ್ನೆಗಳಲ್ಲಿ ಗುಳಿ ಬೀಳುವಂತಹ ಗಂಭೀರವಾದ ನಗೆಯೊಂದನ್ನು ಅವನು ಮೂಡಿಸಿದನು; ಅದೇ ಈ ಮೂರ್ತಿಯ ವೈಶಿಷ್ಟ್ಯ. ತನ್ನೂರಿನ ಮೂರ್ತಿಯ ಕೀರ್ತಿ ಕುಂದೀತೆಂದು ಕಾರ್ಕಳದ ಅರಸನು ದಂಡೆತ್ತಿ ಬಂದನೆಂದೂ, ಅಜಿಲನು ವಿಗ್ರಹವನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹುದುಗಿಸಿಟ್ಟನೆಂದೂ ಐತಿಹ್ಯವಿದೆ. ಅದರ ಸತ್ಯಾಸತ್ಯವು ಹೇಗೇ ಇರಲಿ, ಬರಿಯ ನಕಲನ್ನು ಕಂಡು ಯಾವ ಅರಸನೂ ಅಷ್ಟು ಕರುಬಲಾರನು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ 39 ಅಡಿಯ ಮೂರ್ತಿಯು 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠಿತವಾದುದರಿಂದ ಈ ಪರಂಪರೆಯು 20ನೆಯ ಶತಮಾನಕ್ಕೂ ಮುಂದುವರಿಯಿತು.

ಬಂಟ್ವಾಳ ತಾಲ್ಲೂಕಿನ ಪೊಳಲಿಯಲ್ಲಿ ಕ್ರಮವೇ ಬೇರೆ. ರಾಜರಾಜೇಶ್ವರಿಯ ವಿಗ್ರಹವು ಮೃಣ್ಮಯವಾದುದರಿಂದ ಕಾಲಕಾಲಕ್ಕೆ ಲೇಪಾಷ್ಟಗಂಧವನ್ನು ಬಳಿದು ಅದನ್ನು ಸಂರಕ್ಷಿಸುವರು. ಇಲ್ಲಿ ರೂಪವು ಕೆಡದಿರಲೆಂದೇ ಮೇಲ್ಮೈಯನ್ನು ಹೊಸದು ಮಾಡುವುದು. ಹಳೆಯ ಮೇಲ್ಮೈಯು ಲೇಪದ ಒಳಗೆ ಮರೆಯಾಗುವುದು.

ಗಣಕಯಂತ್ರದ ಕೆಲಸದಲ್ಲಿಯೂ ಇಂತಹ ಲೇಪವೊಂದುಂಟು. ಅಳತೆಗೆ ಸಿಕ್ಕದ ಎಡೆಗಳನ್ನು ಅದು ತಾನೇ ಊಹಿಸಿ ತುಂಬಬಲ್ಲದು, ಒರಟನ್ನು ನುಣುಪು ಮಾಡಬಲ್ಲದು. ಹೊಸ ವಿನ್ಯಾಸಕ್ಕೆ ಇದು ಸಹಾಯಕವೇ ಹೌದು. ಆದರೆ ಮೂಡಬಿದಿರೆಯ ಕಂಬವೊಂದನ್ನು ಹೀಗೆ ನುಣುಪು ಮಾಡಿದಲ್ಲಿ ಮೊದಲು ಅಳಿಯುವುವು ಉಳಿಯ ಗುರುತುಗಳು, ಸವರಿದ ಅಂಚಿನ ಏರುಪೇರುಗಳು. ಮರದ ಮೂಲವನ್ನು ಹೇಳುವ ಸಾಕ್ಷಿಗಳು ಇವೇ. ಅಳೆದ ಮೂಲಪ್ರತಿಯನ್ನು ಮುಟ್ಟದೆ ಬೇರೆಯಾಗಿರಿಸಿ, ತಿದ್ದಿದ ಎಡೆಗಳನ್ನು ಗುರುತಿಸದೆ ಹೋದರೆ, ಮುಂದಿನ ಶೋಧಕನು ಯಂತ್ರದ ನುಣುಪನ್ನು 15ನೆಯ ಶತಮಾನದ ಶಿಲ್ಪಿಯ ಕೈಯದೆಂದು ಓದುವನು.